ಗುರಿಗೆ ಮೊದಲು ಸೊನ್ನೆ

ಕಳೆದ ವರ್ಷ ಹಾವೇರಿಯ ಕಾಲೇಜೊಂದರಲ್ಲಿ ಮಸೂರಗಳ ವಿಷಯವಾಗಿ ನಾವು ಮಾತನಾಡಿ ಮುಗಿಸಿದಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಕೇಳಿದನು: “ರಿವಾಲ್ವರಿನ ಮ್ಯಾಲೆ ದುರ್ಬೀನು ಕೂಡಿಸಿದರ ಗುರಿ ತಪ್ಪೂದೇ ಇಲ್ಲಂತ, ಖರೇ ಏನ್ರಿ ಸರ್?” ಉಳಿದವರು ನಕ್ಕರು. ಆದರೆ ಅದು ನಗತಕ್ಕ ಪ್ರಶ್ನೆಯಾಗಿರಲಿಲ್ಲ. “ದುರ್ಬೀನು ಕೂಡಿಸಿದ ಮೊದಲ ದಿನ ಗುರಿ ತಪ್ಪುವುದೇ ಹೆಚ್ಚು ಖಂಡಿತ” ಎಂದು ನಾವು ಉತ್ತರಿಸಿದೆವು. ಆ ಹುಡುಗನ ಮುಖದಲ್ಲಿ ಮೂಡಿದ ಅಚ್ಚರಿಯೇ ಈ ಲೇಖನಕ್ಕೆ ಕಾರಣ. ಹೊಸ ಉಪಕರಣವು ಕೈಗೆ ಬಂದೊಡನೆ ಸತ್ಯವೂ ಕೈಗೆ ಬಂದಿತೆಂದು ನಂಬುವುದು ಅವನೊಬ್ಬನ ತಪ್ಪಲ್ಲ; ನಮ್ಮ ಪ್ರಯೋಗಶಾಲೆಗಳೇ ಆ ನಂಬಿಕೆಯನ್ನು ಬೆಳೆಸುತ್ತಿವೆ. ಉಪಕರಣವನ್ನು ಓದುವುದಕ್ಕೆ ಮೊದಲು ಅದರ ಸೊನ್ನೆಯನ್ನು ಪರೀಕ್ಷಿಸುವುದನ್ನು ಕಲಿಸಬೇಕು, ಆ ಕೆಲಸಕ್ಕೆ ಅಂಕವನ್ನೂ ಕೊಡಬೇಕು ಎಂಬುದು ನಮ್ಮ ಅಭಿಪ್ರಾಯ. ಏಕೆಂಬುದನ್ನು ಆ ಹುಡುಗನು ಕೇಳಿದ ರಿವಾಲ್ವರಿನಿಂದಲೇ ಆರಂಭಿಸಿ ವಿವರಿಸುವೆವು.

ಮೊದಲೇ ಒಂದು ಎಚ್ಚರಿಕೆಯ ಮಾತು. ೧೯೫೯ರ ಶಸ್ತ್ರಾಸ್ತ್ರ ಅಧಿನಿಯಮದ ಪ್ರಕಾರ ಪರವಾನಗಿಯಿಲ್ಲದೆ ರಿವಾಲ್ವರನ್ನು ಇಟ್ಟುಕೊಳ್ಳುವುದು ಅಪರಾಧ. ಅದಕ್ಕೆ ದುರ್ಬೀನು ಕೂಡಿಸುವುದು ಅರಿತ ಕುಶಲಿಯ ಕೆಲಸ. ಅದರಿಂದ ಗುಂಡು ಹಾರಿಸುವುದು ಮೇಲ್ವಿಚಾರಣೆಯುಳ್ಳ ಮೈದಾನದಲ್ಲಿ ಮಾತ್ರ ನಡೆಯತಕ್ಕದ್ದು. ನಮ್ಮ ವಾಚಕರಲ್ಲಿ ಬಹುಮಂದಿ ಅದನ್ನು ಎಂದೂ ಮುಟ್ಟುವವರಲ್ಲ. ಮುಟ್ಟಬೇಕೆಂದು ನಾವು ಹೇಳುವುದೂ ಇಲ್ಲ. ಆದರೂ ಈ ಉದಾಹರಣೆಯನ್ನು ಎತ್ತಿಕೊಂಡಿರುವುದಕ್ಕೆ ಕಾರಣವುಂಟು. ಬೇರೆ ಉಪಕರಣಗಳು ಹೇಳುವ ಸುಳ್ಳು ಅಂಕಿಗಳ ನಡುವೆ ಅಡಗಿಕೊಳ್ಳುತ್ತದೆ. ಇಲ್ಲಿಯಾದರೋ ಅದು ಕಾಗದದ ಮೇಲೆ ತೂತಾಗಿ ಎಲ್ಲರ ಕಣ್ಣಿಗೂ ಕಾಣುವುದು.

ಸಾಮಾನ್ಯವಾದ ರಿವಾಲ್ವರಿನ ಮೇಲೆ ಹಿಂದೆ ಒಂದು ಸೀಳೂ ಮುಂದೆ ಒಂದು ಮೊನೆಯೂ ಇರುವುವು. ಸೀಳು, ಮೊನೆ, ಗುರಿ ಈ ಮೂರನ್ನೂ ಕಣ್ಣು ಒಂದೇ ಗೆರೆಗೆ ತರಬೇಕು. ಆದರೆ ನಮ್ಮ ಕಣ್ಣಿನ ಮಸೂರವು ಒಂದು ಕಾಲಕ್ಕೆ ಒಂದೇ ದೂರಕ್ಕೆ ಹೊಂದಿಕೊಳ್ಳಬಲ್ಲದು. ಮೊನೆಯು ಸ್ಪಷ್ಟವಾದರೆ ಗುರಿಯು ಮಸಕಾಗುವುದು. ಈ ತೊಡಕನ್ನು ಬಿಡಿಸಲು ೧೯೦೦ರಲ್ಲಿ ಒಂದು ಸೊಗಸಾದ ಉಪಾಯವನ್ನು ಸೂಚಿಸಿದವನು ಡಬ್ಲಿನ್ ನಗರದ ದೂರದರ್ಶಕ ತಯಾರಕ ಹೊವರ್ಡ್ ಗ್ರಬ್. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ ೧೫ ಅಂಗುಲದ ದೂರದರ್ಶಕವು ಅವನ ಹೆಸರನ್ನೇ ಹೊತ್ತಿದೆ. ಮಸೂರದ ನಾಭಿಯಲ್ಲಿ ಒಂದು ಗುರುತನ್ನಿಟ್ಟರೆ ಅದರಿಂದ ಹೊರಟ ಕಿರಣಗಳು ಸಮಾಂತರವಾಗಿ ಹೊರಬರುವುವೆಂಬುದನ್ನು ವಾಚಕರು ಪಠ್ಯಪುಸ್ತಕದಲ್ಲಿ ಓದಿರುವರು. ಆ ಕಿರಣಗಳನ್ನು ಓರೆಯಾಗಿಟ್ಟ ಗಾಜಿನಿಂದ ಕಣ್ಣಿನ ಕಡೆಗೆ ತಿರುಗಿಸಿದರೆ ಗುರುತು ಬಹುದೂರದಲ್ಲಿ, ಗುರಿಯ ಮೇಲೆಯೇ ಅಂಟಿದಂತೆ ಕಾಣುವುದು. ಇಂದಿನ ಕೆಂಪುಚುಕ್ಕೆಯ ಸಾಧನಗಳಲ್ಲಿ ಒಂದು ಸಣ್ಣ ಎಲ್.ಇ.ಡಿ. ದೀಪವೂ ಕೆಂಪು ಬೆಳಕನ್ನು ಹಿಂದಿರುಗಿಸುವ ಲೇಪವುಳ್ಳ ಬಾಗಿದ ಗಾಜೂ ಇದೇ ಕೆಲಸವನ್ನು ಮಾಡುವುವು. ಇವು ವಸ್ತುವನ್ನು ದೊಡ್ಡದಾಗಿ ತೋರಿಸದಿದ್ದರೂ ಜನರು ಇವನ್ನೂ ದುರ್ಬೀನೆಂದೇ ಕರೆಯುವರು. ನಾವೂ ಹಾಗೆಯೇ ಕರೆಯೋಣ.

ಈಗ ವಿಚಾರ ಮಾಡಿರಿ. ಚುಕ್ಕೆಯು ಗುರಿಯ ಮೇಲಿದೆ. ಕಣ್ಣಿಗೆ ಎಲ್ಲವೂ ಸ್ಪಷ್ಟವಾಗಿದೆ. ಆದರೆ ಗುಂಡು ಹೊರಡುವುದು ಗಾಜಿನಿಂದಲ್ಲ, ನಳಿಕೆಯಿಂದ. ನೋಟದ ಗೆರೆಯು ನಳಿಕೆಗಿಂತ ೪ ಸೆಂಟಿಮೀಟರು ಮೇಲಿದೆಯೆಂದು ಇಟ್ಟುಕೊಳ್ಳೋಣ. ನೋಟದ ಗೆರೆ ನೇರವಾದುದು. ಗುಂಡಿನ ಹಾದಿ ಬಾಗಿದುದು. ಸೆಕೆಂಡಿಗೆ ೨೫೦ ಮೀಟರು ವೇಗದ ಗುಂಡು ೨೫ ಮೀಟರು ಸಾಗಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಅಷ್ಟರಲ್ಲಿ ಅದು ಸುಮಾರು ೪.೯ ಸೆಂಟಿಮೀಟರು ಕೆಳಗೆ ಬೀಳುವುದು. ಆದುದರಿಂದ ೨೫ ಮೀಟರಿನಲ್ಲಿ ಗುಂಡೂ ಚುಕ್ಕೆಯೂ ಕೂಡಬೇಕಾದರೆ ನಳಿಕೆಯು ನೋಟದ ಗೆರೆಗಿಂತ ತುಸು ಮೇಲ್ಮೊಗವಾಗಿರಬೇಕು. ಹಾಗೆ ಹೊಂದಿಸುವುದಕ್ಕೇ ಸೊನ್ನೆ ಕೂಡಿಸುವುದೆಂದು ಹೆಸರು. ೨೫ ಮೀಟರಿಗೆ ಹೀಗೆ ಹೊಂದಿಸಿದ ರಿವಾಲ್ವರು ೧೦ ಮೀಟರಿನಲ್ಲಿ ೧.೨ ಸೆಂಟಿಮೀಟರೂ, ೫೦ ಮೀಟರಿನಲ್ಲಿ ಸುಮಾರು ೫.೮ ಸೆಂಟಿಮೀಟರೂ ಕೆಳಗೆ ಹೊಡೆಯುವುದೆಂದು ಲೆಕ್ಕವು ತೋರಿಸುವುದು. ವಾಚಕರು ಕಾಗದ ತೆಗೆದುಕೊಂಡು ಪರೀಕ್ಷಿಸಬಹುದು. ಸೊನ್ನೆಯೆಂಬುದು ಉಪಕರಣದ ಹುಟ್ಟುಗುಣವಲ್ಲ. ಒಂದು ದೂರಕ್ಕೆ, ಒಂದು ಬಗೆಯ ಕಾಡತೂಸಿಗೆ ನಾವು ಮಾಡಿಕೊಂಡ ಏರ್ಪಾಡು.

ಕೂಡಿಸುವ ಕೆಲಸದಲ್ಲಿಯೂ ಒಂದು ಕ್ರಮವಿದೆ. ಮೊದಲನೆಯದು ಭದ್ರತೆ. ರಿವಾಲ್ವರಿನ ಒದೆತ ಬಲವಾದುದು. ದುರ್ಬೀನನ್ನು ಹಿಡಿದ ತಿರುಪುಗಳು ಎಣ್ಣೆಪಸೆಯಿಲ್ಲದೆ ಗೊತ್ತಾದ ಬಿಗಿಯಲ್ಲಿ ಕೂತಿರದಿದ್ದರೆ ಪ್ರತಿಯೊಂದು ಗುಂಡಿಗೂ ಅದು ಕೂದಲೆಳೆಯಷ್ಟು ಸರಿಯುವುದು. ಎರಡನೆಯದು ತಾಳ್ಮೆ. ಒಂದೇ ಗುಂಡಿನ ತೂತನ್ನು ನೋಡಿ ತಿರುಪನ್ನು ತಿರುಗಿಸುವವನು ಅವಿವೇಕಿ. ರಿವಾಲ್ವರಿನ ಉರುಳೆಯಲ್ಲಿ ಆರು ಕೋಣೆಗಳಿದ್ದರೆ ಆರೂ ನಳಿಕೆಗೆ ಕೂದಲೆಳೆಯೂ ತಪ್ಪದಂತೆ ಒಂದೇ ರೀತಿ ನೇರವಾಗಿರುವುದಿಲ್ಲ. ಕೈಯ ನಡುಕವೂ ಇದಕ್ಕೆ ಸೇರುವುದು. ಆದುದರಿಂದ ಆನಿಕೆಯ ಮೇಲೆ ಕೈಯೂರಿ, ಒಂದೇ ಬಿಂದುವನ್ನು ನೋಡುತ್ತ, ಐದಾರು ಗುಂಡುಗಳನ್ನು ಹಾರಿಸಿ, ಆ ತೂತುಗಳ ಗುಂಪಿನ ನಡುವನ್ನು ಕಂಡುಹಿಡಿಯಬೇಕು.

ಮೂರನೆಯದು ತಿದ್ದುಪಡಿ. ಡಿಗ್ರಿಯನ್ನು ೬೦ ಪಾಲು ಮಾಡಿದರೆ ಬರುವ ಒಂದು ನಿಮಿಷದ ಕೋನವು ೨೫ ಮೀಟರು ದೂರದಲ್ಲಿ ಸುಮಾರು ೭.೩ ಮಿಲಿಮೀಟರು ಅಗಲಕ್ಕೆ ಸಮ. ಗುಂಪಿನ ನಡುವು ೪೪ ಮಿಲಿಮೀಟರು ಕೆಳಗೂ ೨೨ ಮಿಲಿಮೀಟರು ಎಡಕ್ಕೂ ಇದ್ದರೆ ತಿರುಪನ್ನು ೬ ನಿಮಿಷ ಮೇಲಕ್ಕೂ ೩ ನಿಮಿಷ ಬಲಕ್ಕೂ ತಿರುಗಿಸಬೇಕು. ಕೊನೆಗೆ ಮತ್ತೊಂದು ಗುಂಪನ್ನು ಹಾರಿಸಿ ನಿಜ ನೋಡಬೇಕು. ಮೊದಲ ಗುಂಪೇ ಅಂಗೈಯಗಲ ಚದುರಿದ್ದರೆ ಯಾವ ತಿರುಪೂ ಅದನ್ನು ಸರಿಪಡಿಸಲಾರದು, ಸಡಿಲವನ್ನು ಹುಡುಕಬೇಕು. ಒಟ್ಟಾಗಿ ಬೀಳುವುದು ಬೇರೆ, ಸರಿಯಾದ ಜಾಗದಲ್ಲಿ ಬೀಳುವುದು ಬೇರೆ. ಈ ಎರಡರ ಭೇದವನ್ನು ಅರಿತವನು ವಿಜ್ಞಾನದ ಮುಖ್ಯವಾದೊಂದು ಪಾಠವನ್ನು ಅರಿತಂತೆಯೇ.

ತಪ್ಪು ತೋರಿಸುವ ಉಪಕರಣವು ಕೈಗೆ ಬಂದಾಗ ಮನುಷ್ಯರು ಮೂರು ಬಗೆಯಾಗಿ ನಡೆದುಕೊಳ್ಳುವರು. ಮೊದಲನೆಯವನಿಗೆ ತಪ್ಪಿರುವುದೇ ತಿಳಿಯದು. ಎರಡನೆಯವನಿಗೆ ತಿಳಿದಿದೆ, ಅವನು ತಿರುಪನ್ನು ಮುಟ್ಟುವುದಿಲ್ಲ. “ಇದರ ಸ್ವಭಾವ ನನಗೆ ಗೊತ್ತು, ನಾಲ್ಕು ಬೆರಳು ಮೇಲಕ್ಕೆ ನೋಡಿ ಹೊಡೆದರೆ ಸರಿಹೋಗುತ್ತದೆ” ಎನ್ನುವನು, ಹೊಡೆದೂ ತೋರಿಸುವನು. ಮೂರನೆಯವನು ತಪ್ಪನ್ನು ಅಳೆದು, ತಿರುಪನ್ನು ತಿರುಗಿಸುವನು. ತಿರುಪಿಲ್ಲದಿದ್ದರೆ ತಪ್ಪೆಷ್ಟೆಂದು ಉಪಕರಣದ ಮೇಲೆಯೇ ಬರೆದಿಡುವನು. ಲೋಕವು ಎರಡನೆಯವನನ್ನು ನಿಪುಣನೆಂದು ಹೊಗಳುವುದು. ನಮಗೆ ಅವನ ವಿಷಯದಲ್ಲಿಯೇ ಹೆಚ್ಚು ಭಯ. ಏಕೆಂದರೆ ಅವನ ಜ್ಞಾನವು ಅವನ ತಲೆಯಲ್ಲಿದೆ. ಅವನೊಡನೆಯೇ ಎದ್ದು ಹೋಗುವುದು. ಉಪಕರಣವು ಮಾತ್ರ ಮುಂದಿನವನ ಕೈಗೆ ಸುಳ್ಳು ಹೇಳುತ್ತಲೇ ಬರುವುದು.

ಇದು ಕಲ್ಪನೆಯ ಮಾತಲ್ಲ. ನಾವು ವಿದ್ಯಾರ್ಥಿಗಳಾಗಿದ್ದಾಗ ನಮ್ಮ ಪ್ರಯೋಗಶಾಲೆಯಲ್ಲಿ ತಂತಿಯ ದಪ್ಪವನ್ನಳೆಯುವ ಸ್ಕ್ರೂಗೇಜುಗಳಿದ್ದುವು. ಅವುಗಳಲ್ಲೊಂದು ಬಾಯಿ ಮುಚ್ಚಿದಾಗಲೂ ಸೊನ್ನೆಯನ್ನು ತೋರಿಸದೆ ಮೂರು ಗೆರೆ ಮುಂದಿರುತ್ತಿತ್ತು. ಪ್ರಯೋಗಶಾಲೆಯ ಹಳೆಯ ಸಹಾಯಕರು ಅದನ್ನು ಕೊಡುವಾಗ, “ಇದಕ್ಕ ಮೂರು ಕಳೀಬೇಕು ನೋಡ್ ತಮ್ಮಾ” ಎಂದು ಪ್ರೀತಿಯಿಂದ ಹೇಳುತ್ತಿದ್ದರು. ಅವರು ನಿವೃತ್ತರಾದರು. ಮುಂದಿನ ವರ್ಷ ಆ ಗೇಜನ್ನು ಪಡೆದವರೆಲ್ಲರ ತಂತಿಯೂ ಮಿಲಿಮೀಟರಿನ ನೂರರಲ್ಲಿ ಮೂರು ಪಾಲು ದಪ್ಪವಾಯಿತು. ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿದ್ದರೆ ಸಾಕಾಗಿತ್ತು. ಸಹಾಯಕರ ತಪ್ಪು ಇದರಲ್ಲಿ ಏನೂ ಇಲ್ಲ; ಚೀಟಿ ಬರೆಯಬೇಕೆಂದು ನಮ್ಮಲ್ಲಿ ಯಾರಿಗೂ ತೋರಲಿಲ್ಲ. ತೋರುವಂತೆ ಯಾರೂ ಕಲಿಸಿರಲಿಲ್ಲ.

ತಂತಿಯ ದಪ್ಪದಲ್ಲಿ ತಪ್ಪಾದರೆ ನಷ್ಟವೇನೆಂದು ಕೇಳಬಹುದು. ಪ್ರಯೋಗಶಾಲೆಯಿಂದ ಹೊರಬಿದ್ದು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಕಡೆಗೆ ಕಣ್ಣುಹಾಯಿಸೋಣ. ಹಾವೇರಿ ಜಿಲ್ಲೆಗೆ ತುಂಗಾ ಮೇಲ್ದಂಡೆ ಯೋಜನೆಯ ಕಾಲುವೆಯು ನೀರನ್ನು ತರುತ್ತದೆ. ಕಾಲುವೆಯ ಇಳಿಜಾರನ್ನು ನಿರ್ಧರಿಸುವುದಕ್ಕೆ ಬೇಕಾದುದು ಮಟ್ಟ ನೋಡುವ ಯಂತ್ರ. ಅದೂ ಅಡ್ಡಗೆರೆಯುಳ್ಳ ಒಂದು ದುರ್ಬೀನೇ. ಅದರ ಸೊನ್ನೆಯನ್ನು ಪರೀಕ್ಷಿಸುವ ಬಗೆ ಬಹು ಸರಳ. ೬೦ ಮೀಟರು ಅಂತರದಲ್ಲಿ ಎರಡು ಗೂಟಗಳನ್ನು ಹೊಡೆದು, ನಟ್ಟನಡುವೆ ಯಂತ್ರವನ್ನಿಟ್ಟು ಎರಡರ ಮೇಲಿನ ಅಳತೆಕೋಲುಗಳನ್ನೂ ಓದಬೇಕು. ಯಂತ್ರದ ನೋಟವು ಓರೆಯಾಗಿದ್ದರೂ ಎರಡು ಕಡೆಯೂ ತಪ್ಪು ಸಮವಾಗಿರುವುದರಿಂದ ಗೂಟಗಳ ಎತ್ತರದ ವ್ಯತ್ಯಾಸವು ಸರಿಯಾಗಿಯೇ ದೊರೆಯುವುದು. ಬಳಿಕ ಯಂತ್ರವನ್ನು ಒಂದು ಗೂಟದ ಸಮೀಪಕ್ಕೆ ಒಯ್ದು ಮತ್ತೆ ಓದಬೇಕು. ಈಗ ವ್ಯತ್ಯಾಸವು ೬ ಮಿಲಿಮೀಟರು ಬೇರೆಯಾಗಿ ಬಂದಿತೆನ್ನಿರಿ. ೬೦ ಮೀಟರಿಗೆ ೬ ಮಿಲಿಮೀಟರು ಎಂದರೆ ಹತ್ತು ಸಾವಿರಕ್ಕೆ ಒಂದು. ಬಯಲುಸೀಮೆಯ ದೊಡ್ಡ ಕಾಲುವೆಗಳಿಗೆ ಕೊಡುವ ಇಳಿಜಾರೇ ಕೆಲವೆಡೆ ಅಷ್ಟಿರುವುದು! ಸೊನ್ನೆ ನೋಡದ ಯಂತ್ರದ ತಪ್ಪು ಹೀಗೆ ನೋಟದಿಂದ ನೋಟಕ್ಕೆ ಕೂಡುತ್ತ ಹೋದರೆ ಕಾಲುವೆಯ ಕೊನೆಯ ರೈತನ ಹೊಲಕ್ಕೆ ನೀರು ಏರದು.

ಹಿಂದಿನವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ೧೮೦೦ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದ ವಿಲಿಯಂ ಲ್ಯಾಂಬ್ಟನ್, ಮುಂದೆ ೧೮೦೨ರಲ್ಲಿ ಮದರಾಸಿನಿಂದ ದೊಡ್ಡ ಭೂಮಾಪನವನ್ನು ಆರಂಭಿಸಿದನು. ೧೮೦೮ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುತ್ತಿದ್ದಾಗ ಅವನ ಅರ್ಧ ಟನ್ನಿನಷ್ಟು ಭಾರದ ಥಿಯೊಡೊಲೈಟು ಗೋಡೆಗೆ ಅಪ್ಪಳಿಸಿ ಅದರ ವೃತ್ತವು ಸೊಟ್ಟಗಾಯಿತು. ಲ್ಯಾಂಬ್ಟನ್ ಸೊಟ್ಟಗಾದ ವೃತ್ತದಿಂದಲೇ ಅಂದಾಜಿನ ಮೇಲೆ ಓದುತ್ತ ಹೋಗಲಿಲ್ಲ. ಮಾಪನವನ್ನು ನಿಲ್ಲಿಸಿ, ಅದನ್ನು ಬಿಡಿಬಿಡಿಯಾಗಿ ಬಿಚ್ಚಿ, ತಿದ್ದಿ, ಆಮೇಲೆಯೇ ಮುಂದುವರಿದನು.

ಬ್ಯಾಡಗಿಗೆ ಬರೋಣ. ೨೦೧೧ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣದಿಂದ. ಆ ಬಣ್ಣಕ್ಕೂ ಒಂದು ಅಳತೆಯಿದೆ; ವ್ಯಾಪಾರದಲ್ಲಿ ಅದನ್ನು ‘ಆಸ್ಟಾ’ ಮಾನವೆನ್ನುವರು. ಪುಡಿಮಾಡಿದ ಕಾಯಿಯನ್ನು ಅಸಿಟೋನಿನಲ್ಲಿ ನೆನೆಸಿ, ಆ ಕೆಂಪು ದ್ರವದ ಮೂಲಕ ೪೬೦ ನ್ಯಾನೊಮೀಟರು ತರಂಗಾಂತರದ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ಹೀರಲ್ಪಟ್ಟಿತೆಂದು ನೋಡುವರು. ಇಲ್ಲಿಯೂ ಮೊದಲ ಕೆಲಸ ಸೊನ್ನೆಯೇ. ಬರಿಯ ಅಸಿಟೋನನ್ನಿಟ್ಟು ಯಂತ್ರವು ಸೊನ್ನೆ ತೋರುವಂತೆ ಮಾಡಬೇಕು. ಗೊತ್ತಾದ ಬೆಲೆಯ ಬಣ್ಣದ ಗಾಜನ್ನಿಟ್ಟು ಯಂತ್ರದ ತಿದ್ದುಪಡಿಯನ್ನು ಕಂಡುಕೊಳ್ಳಬೇಕು. ೧೦೦ ಮಿಲಿಲೀಟರಿಗೆ ೦.೧ ಗ್ರಾಮು ಪುಡಿ ಹಾಕಿದ್ದಾಗ ಯಂತ್ರದ ಸೊನ್ನೆಯು ಕೇವಲ ೦.೦೨ರಷ್ಟು ಸರಿದಿದ್ದರೆ ಆಸ್ಟಾ ಮಾನದಲ್ಲಿ ೩ಕ್ಕೂ ಮೀರಿ ವ್ಯತ್ಯಾಸ ಬರುವುದು. ಬಿಸಿಲಲ್ಲಿ ಬೆಳೆದು ಒಣಗಿಸಿದ ರೈತನ ಶ್ರಮವನ್ನು ಗಾಜಿನ ಮೇಲಿನ ಒಂದು ಬೆರಳಗುರುತು ತಿಂದುಹಾಕಬಹುದು. ನಮ್ಮ ಹಳೆಯ ಸಂತೆಗಳ ವ್ಯಾಪಾರಿಗಳು ಸರಕು ಹಾಕುವ ಮುನ್ನ ಬರಿಯ ತಕ್ಕಡಿಯನ್ನು ಎತ್ತಿ ತೋರಿಸುತ್ತಿದ್ದರು; ಒಂದು ತಟ್ಟೆ ಹಗುರವಾಗಿದ್ದರೆ ಚೂರು ಕಟ್ಟಿ ಸಮಮಾಡುತ್ತಿದ್ದರು. ಕೊಳ್ಳುವವನ ಎದುರಿಗೆ ಎತ್ತಿ ತೋರಿಸುತ್ತಿದ್ದುದು ಇಲ್ಲಿ ಗಮನಿಸತಕ್ಕ ಮಾತು. ಸೊನ್ನೆ ಕೂಡಿಸುವುದು ಗುಟ್ಟಿನ ಕೆಲಸವಲ್ಲ; ನಾಲ್ಕು ಜನರ ಮುಂದೆ ಆಗತಕ್ಕದ್ದು.

ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವು ೧೯೭೪ರಲ್ಲಿ ಘೋಷಿತವಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಕೃಷ್ಣಮೃಗದ ಬೇಟೆಯನ್ನು ನಿಷೇಧಿಸಿದೆ. ಅಲ್ಲಿ ದುರ್ಬೀನಿಗಿರುವ ಕೆಲಸ ಕೊಲ್ಲುವುದಲ್ಲ, ಎಣಿಸುವುದು. ಗೊತ್ತಾದ ಗೆರೆಯ ಮೇಲೆ ನಡೆಯುತ್ತ, ಕಂಡ ಮೃಗಗಳು ಎಷ್ಟು ದೂರದಲ್ಲಿದ್ದುವೆಂದು ಅಳೆದು, ಬಯಲಿನಲ್ಲಿರುವ ಒಟ್ಟು ಸಂಖ್ಯೆಯನ್ನು ಲೆಕ್ಕಹಾಕುವ ವಿಧಾನವನ್ನು ವನ್ಯಜೀವಿ ತಜ್ಞರು ಬಳಸುವರು. ದೂರವನ್ನಳೆಯುವ ಯಂತ್ರವು ೧೦೦ ಮೀಟರನ್ನು ೯೦ ಎಂದು ತೋರಿಸುತ್ತಿದ್ದರೆ ಎಣಿಸುವವನು ಅಷ್ಟೇ ಮೃಗಗಳು ಇನ್ನೂ ಕಿರಿದಾದ ಜಾಗದಲ್ಲಿದ್ದುವೆಂದು ಭಾವಿಸುವನು. ೧೦೦ ಮೃಗಗಳಿರುವಲ್ಲಿ ಲೆಕ್ಕವು ೧೧೧ ಎನ್ನುವುದು. ಹುಲ್ಲನ್ನು ಮೇಯದ, ಮರಿ ಹಾಕದ ಹನ್ನೊಂದು ಮೃಗಗಳು ಕಾಗದದ ಮೇಲೆ ಹುಟ್ಟಿಬಿಡುವುವು. ಸಂಖ್ಯೆ ಕುಗ್ಗುತ್ತಿದ್ದರೂ ಹೆಚ್ಚುತ್ತಿದೆಯೆಂದು ನಾವು ಸಮಾಧಾನಪಟ್ಟುಕೊಳ್ಳಬಹುದು.

ಇಂದಿನ ಉಪಕರಣಗಳು ತಮ್ಮ ಸೊನ್ನೆಯನ್ನು ತಾವೇ ಕೂಡಿಸಿಕೊಳ್ಳುವುವಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಅದು ಅರ್ಧ ನಿಜ. ವಿದ್ಯುನ್ಮಾನದ ತಕ್ಕಡಿಯ ಗುಂಡಿಯನ್ನೊತ್ತಿದರೆ ಆಗ ತಟ್ಟೆಯ ಮೇಲೆ ಏನಿದೆಯೋ ಅದನ್ನೇ ಅದು ಸೊನ್ನೆಯೆಂದು ತಿಳಿಯುವುದು. ಖಾಲಿ ಚೀಲವಿದ್ದರೂ ಸರಿ, ಅಂಗಡಿಯವನ ಬೆರಳಿದ್ದರೂ ಸರಿ. ಜೇಬಿನ ಫೋನಿನ ದಿಕ್ಸೂಚಿಯು ಕಬ್ಬಿಣದ ಬಳಿ ಹೋದರೆ ಉತ್ತರವನ್ನು ಮರೆಯುವುದು. ಯಂತ್ರವು ಸೊನ್ನೆಯನ್ನು ಕೂಡಿಸಿಕೊಳ್ಳಬಲ್ಲದು; ಆ ಸೊನ್ನೆ ಸರಿಯೆಂದು ಹೇಳುವ ಹೊಣೆ ಮನುಷ್ಯನದೇ.

ಇನ್ನೊಂದು ಆಕ್ಷೇಪವು ಅಧ್ಯಾಪಕರದು: ಪಠ್ಯಕ್ರಮವು ದೊಡ್ಡದು, ಪ್ರಯೋಗದ ಸಮಯವು ಚಿಕ್ಕದು. ಅವರ ಕಷ್ಟವನ್ನು ನಾವು ಬಲ್ಲೆವು. ಆದರೆ ಸಮಯವು ಎಲ್ಲಿ ಹೋಗುತ್ತಿದೆ? ಲೋಲಕದಿಂದ ಗುರುತ್ವವನ್ನು ಅಳೆಯುವ ಪ್ರಯೋಗವನ್ನೇ ನೋಡಿರಿ. ಪುಸ್ತಕದಲ್ಲಿ ೯೮೧ ಎಂದಿದೆಯೆಂದು ವಿದ್ಯಾರ್ಥಿಗೆ ಗೊತ್ತು. ಅವನಿಗೆ ೯೭೮ ಬಂದರೆ ಆಂದೋಲನದ ಕಾಲವನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ೯೮೧ ಮಾಡುವನು. ನಿಜವಾಗಿಯೂ ಹಾವೇರಿಯ ಅಕ್ಷಾಂಶದಲ್ಲಿ, ಅಲ್ಲಿಯ ಎತ್ತರದಲ್ಲಿ, ಗುರುತ್ವದ ಬೆಲೆ ಸುಮಾರು ೯೭೮ ಸೆಂಟಿಮೀಟರೇ! ಅವನು ಸತ್ಯವನ್ನು ತಿದ್ದಿ ತಪ್ಪನ್ನು ಬರೆದು ಪೂರ್ಣ ಅಂಕವನ್ನು ಪಡೆದನು. ಇದು ಮೊದಲು ಗೋಡೆಗೆ ಗುಂಡು ಹಾರಿಸಿ ಆಮೇಲೆ ತೂತಿನ ಸುತ್ತ ಗುರಿಯ ಚಕ್ರವನ್ನು ಬರೆದಂತೆ. ಹೀಗೆ ಕಲಿತವನು ನಾಳೆ ಕಾಲುವೆಯನ್ನಳೆಯುವನು, ಮೆಣಸಿನಕಾಯಿಯ ಬಣ್ಣ ನೋಡುವನು, ಮೃಗಗಳನ್ನೆಣಿಸುವನು.

ಆದುದರಿಂದ ನಮ್ಮ ಸೂಚನೆ ಇಷ್ಟೇ. ಪ್ರತಿಯೊಂದು ಪ್ರಯೋಗದ ದಾಖಲೆಯಲ್ಲಿಯೂ ಮೊದಲ ಸಾಲು ಉಪಕರಣದ ಸೊನ್ನೆಯದಾಗಿರಲಿ. ವಿದ್ಯಾರ್ಥಿಯು ಅದನ್ನು ಆ ದಿನವೇ ತಾನೇ ನೋಡಿ ಬರೆಯಲಿ. ಪರೀಕ್ಷೆಯಲ್ಲಿ ಪುಸ್ತಕದ ಬೆಲೆಗೆ ಸಮೀಪ ಬಂದವನಿಗಿಂತ ತನ್ನ ಉಪಕರಣದ ತಪ್ಪನ್ನು ಸರಿಯಾಗಿ ಕಂಡುಹಿಡಿದವನಿಗೆ ಹೆಚ್ಚು ಅಂಕ ದೊರೆಯಲಿ. ಉಪಕರಣದ ಪೆಟ್ಟಿಗೆಯ ಮೇಲೆ ಒಂದು ಚೀಟಿಯಿರಲಿ. ಅದರಲ್ಲಿ ದಿನಾಂಕವೂ ತಪ್ಪಿನ ಪ್ರಮಾಣವೂ ಇರಲಿ. ಇದಕ್ಕೆ ಹಣ ಬೇಡ, ಹೊಸ ಕಟ್ಟಡ ಬೇಡ. ಐದು ನಿಮಿಷ ಸಾಕು.

ಇದನ್ನು ಹುಡುಗಾಟದ ಕೆಲಸವೆಂದು ತಿಳಿಯುವವರಿಗೆ ಒಂದು ಮಾತು. ಬೆಂಗಳೂರಿನ ಪ್ರಕಾಶ ನಂಜಪ್ಪನವರು ೨೦೧೪ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ೧೦ ಮೀಟರು ಏರ್ ಪಿಸ್ತೂಲು ಸ್ಪರ್ಧೆಯ ಬೆಳ್ಳಿಯ ಪದಕವನ್ನು ಗೆದ್ದರು. ಅಂತಹ ಪಿಸ್ತೂಲು ಸ್ಪರ್ಧೆಗಳಲ್ಲಿ ಯಾವ ದುರ್ಬೀನಿಗೂ ಅವಕಾಶವಿಲ್ಲ. ಸೀಳು ಮತ್ತು ಮೊನೆ ಮಾತ್ರ. ೧೦ ಮೀಟರಿನ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಕೇವಲ ೧೧.೫ ಮಿಲಿಮೀಟರು. ಅಲ್ಲಿಗೆ ಬರುವವರು ಲೋಕದ ಶ್ರೇಷ್ಠ ಗುರಿಕಾರರು; ನಿನ್ನೆಯಷ್ಟೇ ಸೊನ್ನೆಯನ್ನು ಕೂಡಿಸಿದವರು. ಆದರೂ ಸ್ಪರ್ಧೆಗೆ ಮೊದಲು ಅವರಿಗೆ ಕಾಲು ಗಂಟೆ ಕೊಡುವರು. ಆಗ ಹಾರಿಸಿದ ಯಾವ ಗುಂಡೂ ಎಣಿಕೆಗೆ ಬಾರದು. ಆ ದಿನದ ಬೆಳಕಿನಲ್ಲಿ, ಆ ದಿನದ ಕೈಯಲ್ಲಿ ತಪ್ಪೆಷ್ಟಿದೆಯೆಂದು ನೋಡಿಕೊಂಡು ತಿದ್ದಿಕೊಳ್ಳುವುದಕ್ಕೆ ಮಾತ್ರ ಆ ಸಮಯ.

ನಮ್ಮ ವಿದ್ಯಾರ್ಥಿಗಳಿಗೂ ಎಣಿಕೆಗೆ ಬಾರದ ಆ ಕೆಲವು ಗುಂಡುಗಳನ್ನು ಕೊಡಿರೆಂದು ನಾವು ಅಧ್ಯಾಪಕರನ್ನು ಬೇಡುವೆವು. ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ ಇದು: ಮುಂದಿನ ವಾರ ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜು ಕೈಗೆ ಬಂದಾಗ ತಂತಿಯನ್ನು ಇಡುವುದಕ್ಕೆ ಮೊದಲು ಅದರ ಬಾಯನ್ನು ಮುಚ್ಚಿ ನೋಡಿರಿ. ಸೊನ್ನೆ ತಪ್ಪಿದ್ದರೆ ಎಷ್ಟೆಂದು ಬರೆದು ಪೆಟ್ಟಿಗೆಗೆ ಅಂಟಿಸಿರಿ. ನಿಮ್ಮ ಮುಂದಿನ ತರಗತಿಯವರು ನಿಮ್ಮ ಹೆಸರನ್ನು ಅರಿಯರು. ಆದರೆ ಅವರ ತಂತಿಯ ದಪ್ಪವು ಸರಿಯಾಗಿರುವುದು.